ಕಾಲರಿನ ಅಳತೆ

ನಲವತ್ತು ವರ್ಷ ಗಂಡಸರ ಕೊರಳು ಅಳೆದವಳು ನಾನು.
ತಾಂತಾ ಪೇಟೆಯ ಹಿಂದಿನ ಓಣಿ, ಅಪ್ಪ ಬಿಟ್ಟುಹೋದ ಅಂಗಡಿ,
ಕಾಲರಿನ ಜಲಾಬಿಯ್ಯಾ ಹೊಲಿಯುವ ಇನ್ಶಿರಾಹ್ ಅಂದರೆ
ಹತ್ತಿ ವ್ಯಾಪಾರಿಗಳಿಗೂ ಗೊತ್ತು.
ಹದಿನೈದೂವರೆ, ಹದಿನಾರು, ಟೇಪು ಹಿಡಿಯದೆ ಹೇಳಬಲ್ಲೆ.
ನನ್ನದೇ ಕೊರಳು ಮಾತ್ರ
ಯಾವತ್ತೂ ಅಳೆದಿರಲಿಲ್ಲ.

ಮೊದಲ ಸೂಜಿ ನೆನಪಿದೆ.
ಆಗ ಎಂಟು ವರ್ಷ. ಕಾಲುವೆಯಲ್ಲಿ ಎಮ್ಮೆಗಳ ಜೊತೆ ಈಜಿ
ಉಚ್ಚೆಯಲ್ಲಿ ರಕ್ತ ಹೋದ ಮಕ್ಕಳನ್ನೆಲ್ಲ
ಶಾಲೆಯ ಅಂಗಳದಲ್ಲಿ ಸಾಲು ನಿಲ್ಲಿಸಿದ್ದರು.
ಬಿಳಿ ಕೋಟಿನವರು ಒಳ್ಳೆಯವರು; ಬೈಯಲಿಲ್ಲ.
ಸ್ಟವ್ ಮೇಲೆ ಪಾತ್ರೆ, ಪಾತ್ರೆಯಲ್ಲಿ ನೀರು,
ನೀರು ಕುದಿಯುವ ತನಕ ಕಾಯಲು
ಪುರುಸೊತ್ತು ಯಾರಿಗಿತ್ತು?
ನನ್ನ ಮುಂದೆ ಬಹೀಗಾ, ಹಿಂದೆ ಶಲಬಿ,
ಒಂದೇ ಗಾಜಿನ ಪಿಚಕಾರಿ, ಒಂದೇ ಸೂಜಿ.
ಕಾಲುವೆಯ ಹುಳ ಸತ್ತಿತು.
ಇನ್ನೊಂದು ಸದ್ದಿಲ್ಲದೆ ಒಳಗೆ ಬಂದು
ಯಕೃತ್ತಿನಲ್ಲಿ ಚಾಪೆ ಹಾಸಿತು.

ನಮ್ಮಲ್ಲಿ ಮಮತೆ ಇರುವುದು ಕರುಳಲ್ಲಲ್ಲ, ಯಕೃತ್ತಿನಲ್ಲಿ.
ಮಗು ಎಡವಿದರೆ ತಾಯಿ "ಅಯ್ಯೋ ನನ್ನ ಯಕೃತ್ತೇ" ಅನ್ನುತ್ತಾಳೆ.
ಹಾಗಾಗಿ ಡಾಕ್ಟರು ಆ ಹೆಸರು ಹಿಡಿದು ಕಾಯಿಲೆ ಹೇಳಿದಾಗ
ನಾನು ಮೊದಲು ಕೇಳಿದ್ದು:
ಮಕ್ಕಳಿಗೇನಾಗಿದೆ?

ಆಮೇಲೆ ವಾರಕ್ಕೊಂದು ಸೂಜಿ. ನಲವತ್ತೆಂಟು ವಾರ.
ಇಂಟರ್ಫೆರಾನ್. ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ.
ಬುಧವಾರ ರಾತ್ರಿ ಚಳಿಜ್ವರ, ಗುರುವಾರ ಮೂಳೆನೋವು,
ಶುಕ್ರವಾರ ಅವರೆ ಬೇಯಿಸುವಷ್ಟು ಶಕ್ತಿ.
ಒಳಗಿನ ಕಾವಲುಗಾರನನ್ನು ಎಬ್ಬಿಸುವುದು ಅದರ ಕೆಲಸವಂತೆ.
ಎಬ್ಬಿಸಿತು.
ನಮ್ಮ ಹಳ್ಳಿಯ ಮುದಿ ಗಫೀರನ ಹಾಗೆ
ಅವನು ಅರೆನಿದ್ದೆಯಲ್ಲಿ ಎದ್ದು, ಬಂದೂಕು ತಡಕಾಡಿ,
ಕಳ್ಳ ಓಡಿದ ದಿಕ್ಕು ಬಿಟ್ಟು
ಪಕ್ಕದ ಮನೆಯ ಬಾಗಿಲಿಗೆ ಗುಂಡು ಹೊಡೆದ.

ಮೊದಲು ಕೈ ನಡುಗಿತು.
ದಾರ ಸೂಜಿಯ ಕಣ್ಣು ತಪ್ಪಿ ಎಲ್ಲೆಲ್ಲೋ ಹೋಯಿತು.
ಎದೆಯೊಳಗೆ ಮದುವೆ ಮೆರವಣಿಗೆಯ ಡೋಲು.
ಎರಡು ತಿಂಗಳಲ್ಲಿ ಬಳೆ ಮೊಣಕೈ ತನಕ ಏರಿತು.
"ನರದ್ದು" ಅಂದರು ಒಬ್ಬರು. "ದೃಷ್ಟಿ" ಅಂದಳು ಅತ್ತೆ,
ಪಟಿಕ ಸುಟ್ಟು ಹೊಗೆ ಹಾಕಿದಳು.
ಹಾಗೇ ಒಂದು ದಿನ ಡೋಲು ನಿಂತಿತು.
ತೀರಾ ನಿಂತಿತು.
ಆಗಸ್ಟಿನಲ್ಲಿ ಉಣ್ಣೆ ಶಾಲು. ದನಿ ಗೊಗ್ಗರು.
ಹುಬ್ಬಿನ ಹೊರತುದಿ ಉದುರಿತು.
ಮಿಷನ್ನಿನ ಮೇಲೆ ತಲೆಯಿಟ್ಟು ನಿದ್ದೆಹೋದೆ;
ಯಾರದೋ ಹಬ್ಬದ ಉಡುಪು ಒಂದೇ ತೋಳಲ್ಲಿ ಉಳಿಯಿತು.
"ಎಲ್ಲ ಲಿವರಿನದೇ ಇರಬೇಕು" ಅಂದ ಬುದೈರ್, ನನ್ನ ಗಂಡ.
ನಾನೂ ಹಾಗೇ ಅಂದುಕೊಂಡೆ.
ಎಲ್ಲ ದಣಿವಿಗೂ ಆಗ ಅದೊಂದೇ ಹೆಸರು ಸಾಲುತ್ತಿತ್ತು.

ಆ ಹುಡುಗಿ ಡಾಕ್ಟರು, ರಜ್ವಾ,
ಫೈಲು ಪಕ್ಕಕ್ಕಿಟ್ಟು ಒಂದು ಲೋಟ ನೀರು ಕೊಟ್ಟು
"ನುಂಗಿ" ಅಂದಳು.
ನಾನು ನುಂಗಿದೆ; ಅವಳು ಕೊರಳು ನೋಡಿದಳು,
ನಾನು ಗಿರಾಕಿಯ ಕೊರಳು ನೋಡುವ ಹಾಗೆ.
ಥೈರಾಯ್ಡ್ ಅಂತ ಚಿತ್ರ ಬಿಡಿಸಿ, ಚಿಟ್ಟೆಯ ಥರ ಅಂದಳು.
ಚಿಟ್ಟೆ ಎಲ್ಲಿಂದ ಬಂತು ಮಗಳೇ,
ಇದು ಕತ್ತರಿಸಿಟ್ಟ ಕಾಲರು:
ಎರಡು ತುಂಡು, ನಡುವೆ ಒಂದು ಸಣ್ಣ ಪಟ್ಟಿ.
ಹೊಲಿಗೆ ಬಿಚ್ಚಿದೆ, ಅಷ್ಟೆ.
ಅವಳು ನಕ್ಕಳು. ನಗುತ್ತಲೇ ಹೇಳಿದಳು,
ಇದನ್ನು ಮತ್ತೆ ಹೊಲಿಯಲು ಬರುವುದಿಲ್ಲ.

ಸೂಜಿಗಳು ಸೋತವು. ವೈರಸ್ ಕದಲಲಿಲ್ಲ.
ಎಷ್ಟೋ ವರ್ಷದ ಮೇಲೆ ಹೊಸ ಗುಳಿಗೆ ಬಂತು,
ಮೂರೇ ತಿಂಗಳು. "ರಕ್ತ ಸ್ವಚ್ಛ" ಅಂತ ಚೀಟಿ.
ಬುದೈರ್ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ.
ಬಹೀಗಾ ಅದನ್ನು ನೋಡಲಿಲ್ಲ,
ಮೂರು ಚಳಿಗಾಲ ಮೊದಲೇ, ಹೊಟ್ಟೆಯಲ್ಲಿ ನೀರು ತುಂಬಿ.
ಶಲಬಿ ಪರೀಕ್ಷೆಗೇ ಹೋಗಿಲ್ಲ. ಕೇಳಿದರೆ
ನಾಳೆ ಅನ್ನುತ್ತಾನೆ.

ಕೊರಳಿನದು ಮಾತ್ರ ಉಳಿಯಿತು:
ದಿನಾ ಒಂದು ಪುಟ್ಟ ಮಾತ್ರೆ, ಖಾಲಿ ಹೊಟ್ಟೆಗೆ.
ರಂಜಾನಿನ ಸಂಜೆ ರೇಡಿಯೋದಲ್ಲಿ ತೋಪು ಹಾರುತ್ತದೆ,
ಎಲ್ಲರ ಕೈ ಖರ್ಜೂರಕ್ಕೆ, ನನ್ನದು ಮಾತ್ರೆಗೆ.
ಒಂದು ಗುಟುಕು ನೀರು. ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂರಬೇಕು.
ಸೂಪಿನ ಹಬೆ, ಬೆಳ್ಳುಳ್ಳಿ ಒಗ್ಗರಣೆ, ಚಮಚಗಳ ಸದ್ದು.
ಮೊಮ್ಮಗಳು ಲಮೀಸ್ ಗಡಿಯಾರ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ,
ತಟ್ಟೆ ಮುಟ್ಟದೆ.
"ತಿನ್ನು, ನನ್ನ ಯಕೃತ್ತೇ" ಅಂತೀನಿ.
"ಇನ್ನೂ ಹನ್ನೊಂದು ನಿಮಿಷ" ಅಂತಾಳೆ.