ಹಿಂದ್ಲ ಗೇಟು

ಎಡಕ್ಕೆ ಹೊರಳಿ ಅಂದೆ. ಹೊರಳಿದಳು ಹಳೇ ದಾವಣಗೆರೆಯ ಮೌಲಾಬಿ,
ಭಟ್ಟಿಯ ಹೊಗೆವಾಸನೆ ಜೊತೆಗೇ ಹೊರಳಿತು.
ತೆರೆಯ ಮೇಲೆ, ಹೃದಯದ ಬೆನ್ನಿಗೆ,
ಕಪ್ಪು ಉಂಗುರ, ಇರಬೇಕಾದ್ದಕ್ಕಿಂತ ದೊಡ್ಡದು.

ಕೊರೊನರಿ ಸೈನಸ್ ಹಿಗ್ಗಿದೆ, ಅಂದೆ.
ಹುಟ್ಟುವ ಮೊದಲೇ ಮುಚ್ಚಬೇಕಿದ್ದ ನಾಳವೊಂದು ಮುಚ್ಚಿಲ್ಲ;
ಎಡಗೈಯ ರಕ್ತ ಈಗಲೂ ಅದರಲ್ಲೇ ಬಂದು
ಇಲ್ಲಿ ಸುರಿಯುತ್ತೆ.

"ದಾರಿ ತಪ್ಪತೈತೇನ್ರಿ?"
ಇಲ್ಲ. ಸೇರಬೇಕಾದ ಕೋಣೆಗೇ ಸೇರುತ್ತೆ.

"ಹಂಗಾರೆ ಮಿಲ್ಲಿನ ಹಿಂದ್ಲ ಗೇಟು ಬಿಡ್ರಿ.
ಮಿಲ್ ಮುಚ್ಚಿ ಎಷ್ಟೋ ವರ್ಷಾತು,
ಅದಕ್ಕೆ ಬೀಗ ಹಾಕಾದು ಮರ್ತಾರೆ.
ಮಂಡಕ್ಕಿ ಚೀಲ ಹೊತ್ತು ನಾವು ಅದರಾಗೇ ಬರ್ತೀವಿ."

ಮುಂದೆ ಪೇಸ್‌ಮೇಕರ್ ಹಾಕುವವರು ಎಡದಿಂದ ಬರುವಾಗ ಎಚ್ಚರ:
ವರದಿಯ ಕೊನೆಗೆ ಬರೆದೆ.
ರೇಷನ್ ಕಾರ್ಡಿನೊಳಗೆ ಮಡಿಚಿಟ್ಟುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ
ನನ್ನ ಎಡಗೈ ನೋಡಿಕೊಂಡೆ.
ಇದಕ್ಕೆ ಬೀಗ ಹಾಕಿದವರು ಯಾರೋ.