ಮುಂದಿನವಳ ಹಿಮ್ಮಡಿ

ನಮ್ಮೂರ ಗಡಿಯಾರದಲ್ಲಿ ಈಗ ರಾತ್ರಿ ಹನ್ನೊಂದು.
ಇಲ್ಲಿ ಸೂರ್ಯ ಹುಟ್ಟಿದ ಮೇಲೇ ಒಂದರಿಂದ ಎಣಿಕೆ;
ಹೊರಗಿನವರ ಲೆಕ್ಕಕ್ಕೆ ಬೆಳಗಿನ ಐದು.
ಕೊತೆಬೆಯ ತಗಡಿನ ಮಾಡುಗಳ ಮೇಲೆ ಮಂಜು
ಮಗ್ಗುಲು ಬದಲಿಸದೆ ಬಿದ್ದುಕೊಂಡಿದೆ.
ನಾನೂ ಬಿದ್ದುಕೊಂಡಿರುತ್ತಿದ್ದೆ, ದೇವರಾಣೆ,
ಕಂಬಳಿ ಎಳೆದುಕೊಂಡು ಇನ್ನೊಂದು ಗಳಿಗೆ.
ಆದರೆ ಆ ಕುರುಡು ದೀಪದ ಕಂಬದ ಕೆಳಗೆ
ಜಿನಾಷ್ ನಿಂತಿದ್ದಾಳೆ,
ಕೈ ಎರಡೂ ಕಂಕುಳಲ್ಲಿ,
ಮೂಗಿನಲ್ಲಿ ಹೊಗೆ.
ಬಾಗಿಲು ತಟ್ಟುವುದಿಲ್ಲ, ಕೂಗುವುದಿಲ್ಲ.
ಬರೀ ನಿಂತಿರುತ್ತಾಳೆ.
ಅದಕ್ಕಿಂತ ದೊಡ್ಡ ಬೈಗುಳ ನನಗೆ ಗೊತ್ತಿಲ್ಲ.

ಎಂಟೊಟೊ ಕಾಡಿನ ಅಂಚಿಗೆ ಕತ್ತೆಕಿರುಬ.
ಒಬ್ಬಳೇ ಬಂದರೆ ಎದ್ದು ನಿಲ್ಲುತ್ತದೆ,
ಇಬ್ಬರು ಬಂದರೆ ಲೆಕ್ಕ ಹಾಕುತ್ತ ಕೂರುತ್ತದೆ.
ಜೊತೆಗಾತಿ ಇರುವ ಮೊದಲನೆಯ ಲಾಭ ಇದು,
ಎಂದು ನಗುತ್ತಾಳೆ ಜಿನಾಷ್.
ಎರಡನೆಯದನ್ನು ಈವರೆಗೆ ಹೇಳಿದ್ದೇ ಇಲ್ಲ.

ಆಮೇಲೆ ನೀಲಗಿರಿ ಮರಗಳ ನಡುವೆ
ಹಾವು ಹರಿದಂತೆ ಹತ್ತುವ ದಾರಿ. ಅದು ದಾರಿಯೂ ಅಲ್ಲ;
ಮುಂದಿನವಳು ಎಲ್ಲಿ ಕಾಲಿಟ್ಟಳೋ ಅದೇ ದಾರಿ.
ಬೇರು ಬಂದರೆ ಒಂದು ಚಿಟಿಕೆ,
ಕಲ್ಲು ಬಂದರೆ ಎರಡು.
ಹಿಂದಿನವಳಿಗೆ ಕಣ್ಣು ಬೇಡ, ಉಸಿರಿದ್ದರೆ ಸಾಕು.
ಇಪ್ಪತ್ತು ನಿಮಿಷ ಅವಳು ಮುಂದೆ, ಇಪ್ಪತ್ತು ನಾನು.
ನಾಲ್ಕು ವರ್ಷ ಹೀಗೆ.
ಅವಳ ಮುಖ ಬರೆದು ತೋರಿಸೆಂದರೆ ತಡವರಿಸುತ್ತೇನೆ;
ಹಿಮ್ಮಡಿ ಕೇಳಿ.
ಎಡಗಾಲು ಹೊರಗಡೆಗೆ ವಾಲಿ ಬೀಳುತ್ತದೆ,
ಬಲಗಾಲಿನ ಬೂಟಿಗೆ ಹಸಿರು ದಾರದ ಹೊಲಿಗೆ,
ಸುಸ್ತಾದಾಗ ಒಂದು ಸಣ್ಣ ಉಜ್ಜುವ ಸದ್ದು.
ಆ ಸದ್ದು ಬಂತೆಂದರೆ
ನಾನೇ ಮುಂದೆ ಹೋಗುತ್ತೇನೆ, ಸರದಿ ನೋಡದೆ.

ಒಮ್ಮೆ ಅವಳಿಗೆ ಜ್ವರ ಬಂತು.
ಒಬ್ಬಳೇ ಓಡಿದೆ, ಬಯಲಿನ ಕಡೆ.
ಬಿಚ್ಚಿರದ ಲೇಸು ಕಟ್ಟಲು ಮೂರು ಸಲ ನಿಂತೆ.
ಕೋಚ್ ತೆಶಾಲೆ ಕೈಗಡಿಯಾರ ನೋಡಿ,
ನನ್ನನ್ನು ನೋಡಿ,
ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಮತ್ತೆ ಈ ವರ್ಷ, ದೊಡ್ಡ ಉಪವಾಸದ ದಿನಗಳು.
ಹಾಲಿಲ್ಲ, ಮೊಟ್ಟೆಯಿಲ್ಲ,
ಸಿಟ್ಟಿಗೆ ಮಾತ್ರ ಯಾವ ನಿಷೇಧವೂ ಇಲ್ಲ.
ಇನ್ನೂರು ಬಿರ್‌ನ ಸಾಲಕ್ಕೆ ಶುರುವಾದ ಮಾತು
ನನ್ನ ಅವ್ವನವರೆಗೂ ಹೋಯಿತು.
ಒಂಬತ್ತು ದಿನ ಮಾತಿಲ್ಲ.
ಮೊದಲ ಬೆಳಗು ಅಂದುಕೊಂಡೆ, ಇವತ್ತು ಬರುವುದಿಲ್ಲ ಅವಳು,
ಸದ್ಯ, ಮಲಗಬಹುದು.
ಕಿಟಕಿಯ ಸಂದಿಯಿಂದ ನೋಡಿದರೆ
ಕಂಬದ ಕೆಳಗೆ ಅದೇ ಹೊಗೆ.

ಓಡಿದೆವು. ಇಬ್ಬರು ಪರಕೀಯರ ಹಾಗೆ,
ಆದರೆ ಒಂದೇ ಹೆಜ್ಜೆಯಲ್ಲಿ.
ಮೂರನೆಯ ದಿನ ಇಳಿಜಾರಿನಲ್ಲೊಂದು ಬೇರು.
ಅವಳು ಸುಮ್ಮನಿರಬಹುದಿತ್ತು.
ನಾನು ಮುಗ್ಗರಿಸಿದ್ದರೆ ಕೇಳುವವರು ಯಾರು?
ಚಿಟಿಕೆ ಬಂತು,
ಎಂದಿಗಿಂತ ಜೋರಾಗಿ, ಒಣ ಕಡ್ಡಿ ಮುರಿದಂತೆ.
ಅಷ್ಟು ಸಿಟ್ಟಿನ ಚಿಟಿಕೆಯನ್ನು ನಾನು ಕೇಳಿಯೇ ಇರಲಿಲ್ಲ.
ಕಾಲೆತ್ತಿ ದಾಟಿದೆ.
ನಗು ಬಂತು, ನುಂಗಿಕೊಂಡೆ,
ಏರಿನಲ್ಲಿ ನಗುವಷ್ಟು ಉಸಿರು ಯಾರಲ್ಲಿದೆ?

ಒಂಬತ್ತನೆಯ ದಿನ, ವಾಪಸು ಬರುವ ಬಸ್ಸು.
ಬೆವರು ಆರಿ ಕತ್ತಿನ ಮೇಲೆ ಉಪ್ಪಾಗಿತ್ತು.
ಕಂಡಕ್ಟರ್ ಕೈಚಾಚಿದ.
ಕಿಟಕಿಯಿಂದ ಮುಖ ತಿರುಗಿಸದೆಯೇ ಜಿನಾಷ್
"ಎರಡು" ಅಂದಳು.

ಆ ಇನ್ನೂರು ಬಿರ್ ಇನ್ನೂ ಬಾಕಿಯಿದೆ.
ಅವಳ ಪ್ರಕಾರ ನಾನು ಕೊಡಬೇಕು,
ನನ್ನ ಪ್ರಕಾರ ಅವಳು.

ನಾಳೆ ಏರಿನಲ್ಲಿ ಮುಂದೆ ಓಡುವ ಸರದಿ ನನ್ನದು.
ಮಲಗುವ ಮುನ್ನ ಬಕೆಟ್ಟಿನ ಪಕ್ಕ ಕುಕ್ಕರಿಸಿ
ಬೂಟಿನ ಹಿಂಬದಿಯ ಕೆಮ್ಮಣ್ಣನ್ನು
ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದೇನೆ.
ಪಾಪ,
ಅಷ್ಟು ಹೊತ್ತು ಅದನ್ನೇ ನೋಡುತ್ತ ಬರಬೇಕಲ್ಲ ಅವಳು.