ಮಟ್ಟದ ಪೈಪು

ಮೇ ತಿಂಗಳ ಪುಣೆ. ಪರ್ವತಿ ಗುಡ್ಡದ ಮಗ್ಗುಲಿಗೆ
ಒಂದರ ಹೆಗಲ ಮೇಲೊಂದು ಕೂತ ಜನತಾ ವಸಾಹತಿನಲ್ಲಿ
ನಮ್ಮ ತಗಡಿನ ಕೋಣೆ.
ಮಧ್ಯಾಹ್ನ ಎರಡಕ್ಕೆ ತಗಡು ಟಕ್ ಟಕ್ಕೆಂದು ಹಿಗ್ಗುತ್ತದೆ.
ಅದರಡಿ ನನ್ನ ಕಂಪ್ಯೂಟರು ತೊಂಬತ್ತಾರು ಡಿಗ್ರಿಗೆ ಏರಿ
ಒಮ್ಮೆ ಗುರ್ರೆಂದು ಕಣ್ಣು ಮುಚ್ಚುತ್ತದೆ,
ಅರ್ಧ ಎದ್ದ ಕಟ್ಟಡವನ್ನೂ ನುಂಗಿಕೊಂಡು.

ಕಟ್ಟದ ಮನೆಗಳ ಚಿತ್ರ ಮಾಡುವುದು ನನ್ನ ಕೆಲಸ.
ಬಾನೇರಿನ ಬಿಲ್ಡರನಿಗೆ ಶುಕ್ರವಾರದೊಳಗೆ
ಹನ್ನೆರಡನೇ ಮಹಡಿಯ ಬಾಲ್ಕನಿ ಬೇಕು:
ಬೆಳಗಿನ ಬಿಸಿಲು, ಕುಂಡದಲ್ಲಿ ಗಿಡ, ಗಾಜಿನಲ್ಲಿ ಮೋಡ.
ಒಂದು ಮೋಡಕ್ಕೆ ನಾಲ್ಕು ತಾಸು ಬೇಯಬೇಕು ಈ ಪೆಟ್ಟಿಗೆ.

ಅಂಗಡಿಯವ ಕೂಲರಿಗೆ ಎಂಟು ಸಾವಿರ ಎಂದ.
ನಾನು ಭಾನುವಾರ ಜೂನಾ ಬಜಾರಿಗೆ ಹೋದೆ.
ಗುಜರಿಗೆ ಬಿದ್ದ ಓಮ್ನಿಯ ಹೀಟರ್ ಜಾಲರಿ, ನೂರೈವತ್ತು.
ಡೆಸರ್ಟ್ ಕೂಲರಿನ ಪಂಪು, ನೂರೆಂಬತ್ತು,
ಹಿಂದಿನ ಮಾಲೀಕರ ಮನೆಯ ಪಾಚಿ ಸಮೇತ.

ತಾಮ್ರಕ್ಕೆ ತಾಂಬಟ ಆಳಿ. ಬೀದಿಗೆ ಬೀದಿಯೇ ಕಿವಿ ಕಿವುಡಾಗುವ ಹಾಗೆ ಬಡಿತ.
ಬೆಂಕಿಪೆಟ್ಟಿಗೆಯಷ್ಟು ಟೊಳ್ಳು ಡಬ್ಬಿ, ಎರಡು ಮೂತಿ, ಎಂದೆ.
ಲಾಂಜೇಕರ ಕಾಕಾ ಕನ್ನಡಕ ಏರಿಸಿದರು:
'ಇದರಲ್ಲಿ ಏನು ಬೇಯಿಸುತ್ತೀ?'
ಬೇಯಿಸಲಿಕ್ಕಲ್ಲ ಕಾಕಾ, ಆರಿಸಲಿಕ್ಕೆ.
ತಳವನ್ನು ತಮ್ಮ ಮೀಸೆ ಕಾಣುವ ತನಕ ಉಜ್ಜಿದರು.
ಮೇಲೆ ಮಾತ್ರ, ಬೇಡವೆಂದರೂ,
ಹಂಡೆಗೆ ಹಾಕುವ ಸುತ್ತಿಗೆ ಚುಕ್ಕಿ ಹಾಕಿಯೇ ಕೊಟ್ಟರು.
ಕೈ ಕೇಳುವುದಿಲ್ಲ, ಎಂದರು.

ಉಪ್ಪಿನಕಾಯಿ ಭರಣಿ ಅವ್ವನದು.
ಮೂರು ಸಲ ಸೋಡಾ ಹಾಕಿ ತೊಳೆದರೂ ಮೆಂತ್ಯದ ವಾಸನೆ.
ನೀರು ಬ್ಯಾಟರಿ ಅಂಗಡಿಯದು.
ಉಳಿದದ್ದು ಪೈಪು. ಜೇಬಿನಲ್ಲಿ ಉಳಿದದ್ದು ಹನ್ನೊಂದು ರೂಪಾಯಿ.

ಬಾಗಿಲ ಹಿಂದಿನ ಮೊಳೆಯಲ್ಲಿ ಸುರುಳಿ ಸುತ್ತಿ ತೂಗಿತ್ತು
ಅಪ್ಪನ ಮಟ್ಟದ ಪೈಪು.
ಯಾದಗಿರಿಯಿಂದ ಬಂದ ವರ್ಷ ಕೊಂಡದ್ದು,
ಸಾಯಬಣ್ಣ ಗೌಂಡಿ ಎಂದರೆ ಆ ಪೈಪೇ ಗುರುತು.
ಈಗ ಸೈಟಿನಲ್ಲಿ ಕೆಂಪು ಗೆರೆ ಬಿಡುವ ಲೇಸರು.
ಕೇಳದೆ ಕತ್ತರಿಸಿದೆ. ಎರಡೂವರೆ ಮೀಟರು.

ರಾತ್ರಿಯೆಲ್ಲ ಮರಾಠಿ ಪೇಪರಿನ ಮೇಲೆ ಹನಿ ಬೀಳುವುದೇ ಎಂದು ಕಾದು
ಬೆಳಗಿಗೆ ಸ್ವಿಚ್ಚು ಒತ್ತಿದೆ.
ಪಂಪು ನರಳಿತು. ನೀರು ಕದಲಲಿಲ್ಲ.
ಎಪ್ಪತ್ತು. ಎಂಬತ್ತೊಂದು. ಎಂಬತ್ತೆಂಟು.

ಅವ್ವ ಒಲೆ ಸಣ್ಣ ಮಾಡಿ ಬಂದಳು.
'ಕುಡಿಯಾಕ ಮುಂಜಾನಿ ಒಂದು ತಾಸು ನೀರು,
ಇದಕ್ಕ ಮೂರ್ಹೊತ್ತೂ ಬೇಕಾ?'
ಒಂದೇ ನೀರವ್ವ, ಹೊಳ್ಳಿ ಹೊಳ್ಳಿ ಬರ್ತದ.
'ಎಲ್ಲಿ ಬರ್ತದ?'

ಇಪ್ಪತ್ತು ವರ್ಷ ಅಪ್ಪ ಒಂದು ತುದಿ ಹಿಡಿದರೆ
ಗೋಡೆಯ ಆಚೆ ಇನ್ನೊಂದು ತುದಿ ಹಿಡಿದು ನಿಂತವಳು.
ಪೈಪನ್ನು ಎದೆಯೆತ್ತರಕ್ಕೆ ಎತ್ತಿದಳು,
ಬೆಳಕಿಗೆ ಹಿಡಿದಳು,
ಜಾಲರಿಯ ತಿರುವಿನಲ್ಲಿ ಉಗುರಿನಿಂದ ಟಿಣ್ ಟಿಣ್ ಹೊಡೆದಳು.
'ಇಲ್ಲಿ ನೋಡು, ಗಾಳಿ ಕುಂತದ.
ಗಾಳಿ ಕುಂತ್ರ ನೀರು ಸುಳ್ಳು ಹೇಳ್ತದ.'
ಕಡಲೆಕಾಳಿನಷ್ಟು ಗುಳ್ಳೆ ಒಲ್ಲದ ಮನಸ್ಸಿಂದ ಎದ್ದು
ಪೈಪಿನುದ್ದಕ್ಕೂ ತೆವಳಿ
ಭರಣಿಯಲ್ಲಿ ಗುಳಕ್ಕೆಂದಿತು.
ಐವತ್ತೆಂಟಕ್ಕೆ ಇಳಿದು ನಿಂತಿತು ಅಂಕಿ.
ಅವ್ವ ಅದನ್ನು ನೋಡಲಿಲ್ಲ. ಅನ್ನ ಹತ್ತುತ್ತಿತ್ತು.

ರಾತ್ರಿ ಅಪ್ಪ ಮೊಳೆ ನೋಡಿದ. ಪೆಟ್ಟಿಗೆ ನೋಡಿದ.
ಎಷ್ಟು ಕತ್ತರಿಸಿದಿ ಎಂದು ಕೇಳಿದ, ಹೇಳಿದೆ.
ಕೈ ತೊಳೆದು ಬಂದು ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತ.
ನನ್ನ ಬಿಸಿಲು, ನನ್ನ ಗಿಡ, ನನ್ನ ಮೋಡ.
ಬಹಳ ಹೊತ್ತು.
'ಢಾಳ ಎಲ್ಲಿ ಕೊಟ್ಟಿ? ಮಳಿ ಬಂದ್ರ ನೀರೆಲ್ಲಾ ಮನ್ಯಾಗ.'

ಬಾಲ್ಕನಿಯ ನೆಲ ಹೊರಕ್ಕೆ ಒಂದು ಇಂಚು ಇಳಿಸಿ
ಮತ್ತೆ ನಾಲ್ಕು ತಾಸು ಬೇಯಿಸಿದೆ.
ಕತ್ತಲಲ್ಲಿ ಮೆಂತ್ಯದ ವಾಸನೆಯ ನೀರು
ಹೋಗುತ್ತ ಬರುತ್ತ.

ಶುಕ್ರವಾರ ಬಿಲ್ಡರು ಮೋಡ ಚೆನ್ನಾಗಿದೆ ಎಂದ.